ನಿಮ್ಮ ಬಚ್ಚಲ ನೀರು, ನಮ್ಮ ಕೆರೆ

(ಕೋಲಾರದಲ್ಲಿ ಸೇರಿದ್ದ ಬೆಂಗಳೂರು ಮತ್ತು ಕೋಲಾರ ಜಿಲ್ಲೆಯ ಯುವ ಕಾರ್ಯಕರ್ತರ ಎದುರು ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ಕಾವೇರಿ ಅಂದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. 1991ರಲ್ಲಿ ಮಧ್ಯಂತರ ಆದೇಶ ಬಂದಾಗ ನಿಮ್ಮಲ್ಲಿ ಬಹಳ ಜನ ಹುಟ್ಟೇ ಇರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಮಾತ್ರ ನಿಮ್ಮಲ್ಲಿ ಕೆಲವರು ಬೀದಿಯಲ್ಲೇ ಇದ್ದಿರಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಟಿಎಂಸಿ ನೀರು ಹೆಚ್ಚಿಗೆ ಕೊಟ್ಟು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಬಾಯಾರಿಕೆಗೆ ಎಂದಾಗ ಎದೆಯುಬ್ಬಿಸಿದವರೂ ನೀವೇ. ನಿಮಗೆ ನನ್ನದೊಂದು ಸಣ್ಣ ಪ್ರಶ್ನೆ. ಅಷ್ಟು ಹೋರಾಡಿ ತಂದ ಆ ಕಾವೇರಿ, ನಿಮ್ಮ ಮನೆಯ ಬಚ್ಚಲು ದಾಟಿದ ಮೇಲೆ ಎಲ್ಲಿಗೆ ಹೋಗುತ್ತಾಳೆ?

ನಮ್ಮೂರಿಗೆ ಬರುತ್ತಾಳೆ!

ನಗಬೇಡಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದರಲ್ಲ, ಅದನ್ನು ಮೊದಲು ಎಲ್ಲಿಗೆ ತಂದರು? ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. ಕೋಲಾರದ ಚಿನ್ನದ ಗಣಿಗೆ. ಕಾವೇರಿಯ ಕರೆಂಟು ಬಂತು, ನಮ್ಮ ನೆಲದ ಚಿನ್ನ ಹೋಯಿತು. 2001ರ ಫೆಬ್ರವರಿ 28ಕ್ಕೆ ಗಣಿಯ ಬಾಗಿಲೂ ಮುಚ್ಚಿತು. ಕಾವೇರಿಯ ನೀರು ಮಾತ್ರ ಈ ಕಡೆ ತಿರುಗಿ ನೋಡಿರಲಿಲ್ಲ. ಕೊನೆಗೆ ಬಂದದ್ದು 2018ರ ಜೂನ್ ತಿಂಗಳಲ್ಲಿ. ನಿಮ್ಮ ಅಡುಗೆಮನೆ, ಬಚ್ಚಲು, ಪಾಯಿಖಾನೆ ಎಲ್ಲವನ್ನೂ ಸುತ್ತಿಕೊಂಡು, ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕದಲ್ಲಿ ಒಮ್ಮೆ ಮಿಂದು, ದೊಡ್ಡ ಪೈಪಿನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಳು. ಇದಕ್ಕೇ ಕೆ.ಸಿ. ವ್ಯಾಲಿ ಯೋಜನೆ ಎನ್ನುವುದು. ದಿನಕ್ಕೆ 44 ಕೋಟಿ ಲೀಟರ್ ನೀರು, 126 ಕೆರೆ ಎಂಬುದು ಕಾಗದದ ಮೇಲಿನ ಗುರಿ. ಗುರಿ ಮುಟ್ಟದ ದಿನಗಳೇ ಹೆಚ್ಚು, ಅದು ಬೇರೆ ಮಾತು.

ಇಂಥ ನೀರನ್ನೂ ಕೈಮುಗಿದು ಬರಮಾಡಿಕೊಳ್ಳುವ ಗತಿ ಕೋಲಾರಕ್ಕೆ ಹೇಗೆ ಬಂತು? ಅದನ್ನು ಮೊದಲು ಹೇಳುತ್ತೇನೆ. ನಾನು ಪಿಯುಸಿ ಓದಿದವನು, ಇಂಜಿನಿಯರ್ ಅಲ್ಲ. ಪ್ರೆಸ್ ನಡೆಸುವವನು. ಆದರೆ ಒಂದು ಜಿಲ್ಲೆಯ ಹಣೆಬರಹ ಮೊದಲು ಗೊತ್ತಾಗುವುದು ಪ್ರೆಸ್ಸಿನವನಿಗೆ. ಯಾಕೆಂದರೆ ಜನ ಏನು ಮಾಡುತ್ತಾರೋ ಅದಕ್ಕೆಲ್ಲ ಬಿಲ್ ಬುಕ್ ಬೇಕು, ಕರಪತ್ರ ಬೇಕು.

ನಮ್ಮ ತಂದೆ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಬೋರ್‌ವೆಲ್ ಲಾರಿಯವರ ಬಿಲ್ಲಿನಲ್ಲಿ ಮೂರೇ ಸಾಲು ಇರುತ್ತಿತ್ತು. ನೂರು ಅಡಿಗೆ ಇಷ್ಟು, ಇನ್ನೂರಕ್ಕೆ ಇಷ್ಟು, ಮುನ್ನೂರಕ್ಕೆ ಇಷ್ಟು. ಅದರಾಚೆಗೆ ಸಾಲೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾನು ಪ್ರೆಸ್ ವಹಿಸಿಕೊಂಡ ಮೇಲೆ ಆ ಬಿಲ್ಲು ಉದ್ದವಾಗುತ್ತಲೇ ಬಂತು. ಆರುನೂರು, ಎಂಟುನೂರು, ಸಾವಿರ, ಹದಿಮೂರು ನೂರು. ಈಗ ಹದಿನೆಂಟು ನೂರು ಅಡಿಯ ಸಾಲೂ ಹಾಕಿಸುತ್ತಾರೆ. ಅರ್ಧ ಪುಟದ ಬಿಲ್ಲು ಪೂರ್ತಿ ಪುಟವಾಯಿತು. ಕುತುಬ್ ಮಿನಾರ್ ಇನ್ನೂರ ನಲವತ್ತು ಅಡಿಗೆ ಹತ್ತಿರ. ಅಂಥ ಏಳು ಮಿನಾರು ಒಂದರ ಮೇಲೊಂದು ನಿಲ್ಲಿಸಿದಷ್ಟು ಆಳಕ್ಕೆ ಹೋಗಿ ನಮ್ಮ ರೈತ ಒಂದೂವರೆ ಇಂಚು ನೀರು ಸಿಕ್ಕರೆ ಊದುಬತ್ತಿ ಹಚ್ಚುತ್ತಾನೆ. ಸಿಗದಿದ್ದರೆ ಹೆಂಡತಿಯ ಸರ ಅಡವಿಟ್ಟ ಚೀಟಿ ಜೇಬಿನಲ್ಲಿ ಇಟ್ಟುಕೊಂಡು ಸುಮ್ಮನೆ ಮನೆಗೆ ಹೋಗುತ್ತಾನೆ.

ಈ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಇದೆ, ಮಳೆ ಬಂದರೆ ಮಾತ್ರ. ಮಾಲೂರಿನ ಕಡೆ ದಕ್ಷಿಣ ಪಿನಾಕಿನಿ, ಶ್ರೀನಿವಾಸಪುರದ ಕಡೆ ಪಾಪಾಗ್ನಿಯ ಹಳ್ಳಗಳು, ಅವೂ ಹಾಗೆಯೇ. ನದಿ ಇಲ್ಲದ ನಾಡಿನಲ್ಲಿ ಹಿರಿಯರು ಏನು ಮಾಡಿದರು? ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನ, ಅಂದರೆ 2007ರ ಮುಂಚಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮಣಿಸರ ಪೋಣಿಸಿದ ಹಾಗೆ. ಬೇತಮಂಗಲದ ಕೆರೆಯನ್ನೇ ನೋಡಿ. ಒಡೆದ ಆ ಕೆರೆಯ ಏರಿಯನ್ನು ಸಾವಿರ ವರ್ಷದ ಹಿಂದೆ ನೊಳಂಬರ ಕಾಲದಲ್ಲಿ ಸರಿಪಡಿಸಿದ್ದಕ್ಕೆ ಶಾಸನ ಇದೆ. ಹೊಯ್ಸಳರ ಕಾಲದಲ್ಲಿ ಮತ್ತೆ ಕಟ್ಟಿಸಿದರು. ಮುಂದೆ ಬ್ರಿಟಿಷರು ಗಣಿಯ ಊರಿಗೆ ಕುಡಿಯುವ ನೀರು ಒಯ್ದದ್ದೂ ಅದೇ ಕೆರೆಯಿಂದ. ರಾಜರು ಬದಲಾದರು, ಕೆರೆ ರಿಪೇರಿ ಮಾತ್ರ ನಿಲ್ಲಲಿಲ್ಲ. ನಿಂತದ್ದು ನಮ್ಮ ಕಾಲದಲ್ಲಿ. ಪ್ರಜಾಪ್ರಭುತ್ವದಲ್ಲಿ!

ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು ಅವನೇ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವವನೂ ಅವನೇ. ಗೌಡರ ಗದ್ದೆಯಾದರೂ ಸರಿ, ಶಾನುಭೋಗರ ಗದ್ದೆಯಾದರೂ ಸರಿ, ಅಚ್ಚುಕಟ್ಟಿನಲ್ಲಿ ಅವನ ಮಾತೇ ನಡೆಯಬೇಕು. ಸುಗ್ಗಿಯಲ್ಲಿ ಅವನಿಗೆ ಕಣದಲ್ಲಿ ಧಾನ್ಯ ಅಳೆದು ಕೊಡುತ್ತಿದ್ದರು. ನಮ್ಮ ಕಡೆ ಈ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ದಲಿತ ಕುಟುಂಬದವರು. ಊರ ಬಾವಿಯ ನೀರು ಮುಟ್ಟಲು ಬಿಡದ ಊರು, ಇಡೀ ಕೆರೆಯ ಕೀಲಿಯನ್ನು ಅದೇ ಮನುಷ್ಯನ ಕೈಗೆ ಕೊಟ್ಟಿತ್ತು ನೋಡಿ, ಎಂಥ ವಿಚಿತ್ರ ಸಮಾಜ ನಮ್ಮದು! 1960ರ ದಶಕದಲ್ಲಿ ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ಕಾನೂನು ರದ್ದು ಮಾಡಿತು. ಜಾತಿಗೆ ಕಟ್ಟಿಹಾಕಿದ ಬಿಟ್ಟಿ ಚಾಕರಿ ಹೋದದ್ದು ನ್ಯಾಯವೇ. ಆದರೆ ಆ ಕೆಲಸವನ್ನು ಸಂಬಳ ಕೊಟ್ಟು, ಗೌರವ ಕೊಟ್ಟು ಮಾಡಿಸುವ ಇನ್ನೊಂದು ಏರ್ಪಾಡನ್ನು ಯಾರೂ ಗಟ್ಟಿಯಾಗಿ ನಿಲ್ಲಿಸಲಿಲ್ಲ. ಕೆರೆ ಇಲಾಖೆಯದಾಯಿತು. ಇಲಾಖೆಯದು ಅಂದರೆ ಯಾರದೂ ಅಲ್ಲ.

ಕೆರೆ ಹೋದರೆ ಮಾತೂ ಹೋಗುತ್ತದೆ. ನೀವು ಭಾಷೆಯ ಹುಡುಗರು, ಅದಕ್ಕೇ ಕೇಳುತ್ತೇನೆ. ತೂಬು, ಕೋಡಿ, ಏರಿ, ಕುಂಟೆ, ಕಟ್ಟೆ, ಊಟೆ, ಏತ, ಕಪಿಲೆ... ಇವುಗಳಲ್ಲಿ ಎಷ್ಟು ಪದ ನಿಮಗೆ ಗೊತ್ತು? ಕೆರೆಯ ಕೆಳಗೆ ಕೊಟ್ಟ ಭೂಮಿಗೆ ನಮ್ಮ ಶಾಸನಗಳಲ್ಲಿ ಕಟ್ಟುಕೊಡಗೆ, ದಶವಂದ, ಬಿತ್ತುವಟ್ಟ ಎಂದೆಲ್ಲ ಹೆಸರುಗಳಿವೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದ. ಮೂಡಲ ಬಾಗಿಲು ಎಂಬುದೇ ಮುಳಬಾಗಿಲಾದ ನಾಡು ಇದು. ಡಿವಿಜಿ ಹುಟ್ಟಿದ ಊರು ಅದು. ಮಾಲೂರು ತಾಲ್ಲೂಕಿನ ಮಾಸ್ತಿ ಕನ್ನಡಕ್ಕೆ ಜ್ಞಾನಪೀಠ ತಂದ ಊರು. ಇಂಥ ನೆಲದಲ್ಲಿ ಈಗ ಮಕ್ಕಳ ಬಾಯಲ್ಲಿ ನೀರಿಗೆ ಉಳಿದಿರುವ ಪದ ಮೂರು: ಬೋರು, ಟ್ಯಾಂಕರು, ಕ್ಯಾನು.

ಇನ್ನು ಕೊಂದವರು ಯಾರು ಎಂಬ ಲೆಕ್ಕ. ಬರ ಕೊಂದಿತು ಎಂದು ಮಂತ್ರಿಗಳು ಹೇಳುತ್ತಾರೆ. ಸುಳ್ಳು. ನಮಗೆ ಸರಾಸರಿ ವರ್ಷಕ್ಕೆ 700 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಒಂದು ಎಕರೆಗೆ 700 ಮಿಲಿಮೀಟರ್ ಎಂದರೆ 28 ಲಕ್ಷ ಲೀಟರ್, ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 560 ಟ್ಯಾಂಕರ್. ಅಷ್ಟು ಟ್ಯಾಂಕರ್ ನೀರನ್ನು ಆಕಾಶ ಪ್ರತಿ ಎಕರೆಗೆ ಬಿಟ್ಟಿಯಾಗಿ ಸುರಿಯುತ್ತದೆ, ಬಿಲ್ ಬುಕ್ ಇಲ್ಲದೆ! ನಿಲ್ಲಿಸಿಕೊಳ್ಳಲು ನಮಗೆ ಜಾಗ ಇಲ್ಲ. ಕೆರೆಯಲ್ಲಿ ಹೂಳು. ಕಾಲುವೆಯ ಮೇಲೆ ಲೇಔಟು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂಬ ಚಂದದ ಹೆಸರಿನಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಮೇಲಿನ ಬಯಲಿಗೆಲ್ಲ ನೀಲಗಿರಿ ಹರಡಿದರು. ರೈತಸಂಘದವರು ಆಗಲೇ ನೀಲಗಿರಿ ಸಸಿ ಕಿತ್ತು ಎಚ್ಚರಿಸಿದ್ದರು. ಹೊಸ ನೀಲಗಿರಿ ನೆಡಬೇಡಿ ಎಂದು ಸರ್ಕಾರ ಆದೇಶ ಹೊರಡಿಸಿದ್ದು 2017ರಲ್ಲಿ. ಮೂವತ್ತು ವರ್ಷದ ಮೇಲೆ ಜ್ಞಾನೋದಯ!

ಇನ್ನೊಂದು ಸಂಗತಿ ನೇರವಾಗಿ ನಿಮಗೆ ಸಂಬಂಧಿಸಿದ್ದು, ಬೆಂಗಳೂರಿನವರು ಕಿವಿಗೊಡಿ. ನೀವು ವಾಸವಾಗಿರುವ ಅಪಾರ್ಟ್‌ಮೆಂಟಿನ ಗೋಡೆಯಲ್ಲಿ ನಮ್ಮ ಕೆರೆ ಇರಬಹುದು. ಮಾಲೂರಿನ ಇಟ್ಟಿಗೆ ಎಂದರೆ ಇಡೀ ಬೆಂಗಳೂರಿಗೆ ಗೊತ್ತು. ಇಟ್ಟಿಗೆಗೆ ಕೆರೆಯ ಜೇಡಿ ಬೇಕು. ಹದವಾಗಿ ಹೂಳು ತೆಗೆದರೆ ಕೆರೆಗೂ ಒಳ್ಳೆಯದೇ. ಆದರೆ ಆಮೇಲೆ ಬಂತು ಫಿಲ್ಟರ್ ಮರಳು. ನದಿಯ ಮರಳು ಮುಗಿದ ಮೇಲೆ ಕೆರೆಯಂಗಳ, ಗೋಮಾಳ, ಗದ್ದೆಯ ಮಣ್ಣನ್ನೇ ಅಗೆದು, ನೀರು ಹಾಯಿಸಿ ತೊಳೆದು, ಉಳಿದ ಕಣವನ್ನು ಮರಳು ಎಂದು ರಾತ್ರಿ ಲಾರಿಯಲ್ಲಿ ನಿಮ್ಮ ಊರಿಗೆ ಸಾಗಿಸುವುದು. ಕುಡಿಯಲು ನೀರಿಲ್ಲದ ಜಿಲ್ಲೆಯಲ್ಲಿ ಮಣ್ಣು ತೊಳೆಯಲು ಬೋರಿನ ನೀರು! ಹಾಗೆ ತೊಳೆದ ಹೊಲ ಮತ್ತೆ ಹೊಲವಾಗುವುದಿಲ್ಲ. ಮಾಡಿದವರು ಹೊರಗಿನವರೇ? ಅಲ್ಲ. ನಮ್ಮವರೇ, ಅಚ್ಚ ಕನ್ನಡದಲ್ಲಿ ಮಾತಾಡುವವರೇ, ನವೆಂಬರ್ ಒಂದಕ್ಕೆ ಆರ್ಕೆಸ್ಟ್ರಾಗೆ ಚಂದಾ ಕೊಡುವವರೇ.

ಟೊಮೆಟೊ ಮಾತೂ ಹೇಳಿಬಿಡುತ್ತೇನೆ. ಕೋಲಾರದ ಮಾರುಕಟ್ಟೆ ಟೊಮೆಟೊಗೆ ದೇಶಕ್ಕೇ ಹೆಸರು. ಟೊಮೆಟೊ ಹಣ್ಣಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ. ಹದಿನೈದು ಕೆ.ಜಿ.ಯ ಒಂದು ಕ್ರೇಟು ಲಾರಿ ಹತ್ತಿದರೆ ಸುಮಾರು ಹದಿನಾಲ್ಕು ಲೀಟರ್ ನೀರು ಜಿಲ್ಲೆ ಬಿಟ್ಟು ಹೋಯಿತು ಎಂದು ತಿಳಿಯಿರಿ. ಅದನ್ನು ಬೆಳೆಯಲು ಹೀರಿದ ನೀರು ಇದರ ಎಷ್ಟೋ ಪಟ್ಟು. ರೈತನನ್ನು ಬೈಯುತ್ತಿಲ್ಲ. ಅವನಿಗೆ ರಾಗಿಯಲ್ಲಿ ಬದುಕು ನಡೆಯುವ ಬೆಲೆ ಕೊಟ್ಟಿದ್ದರೆ ಈ ಜೂಜಿಗೆ ಯಾಕೆ ಬೀಳುತ್ತಿದ್ದ?

ಆಳಕ್ಕೆ ಹೋದಷ್ಟೂ ಫ್ಲೋರೈಡ್ ಕಾಟ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ದಾಟಬಾರದು. ದಾಟಿದರೆ ಮಕ್ಕಳ ಹಲ್ಲು ಕಂದು, ವಯಸ್ಸಾದವರ ಮಂಡಿ ಬೆನ್ನು ಬಿಗಿ. ಅದಕ್ಕೆ ಊರೂರಿಗೆ ಶುದ್ಧ ನೀರಿನ ಘಟಕ, ಕಾಯಿನ್ ಹಾಕಿದರೆ ಕ್ಯಾನು ತುಂಬುತ್ತದೆ. ಅಲ್ಲಿ ಶುದ್ಧವಾಗುವಷ್ಟೇ ನೀರು ಚರಂಡಿಗೂ ಹೋಗುತ್ತದೆ ಎಂಬುದನ್ನು ಯಾರೂ ಬೋರ್ಡಿನಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಜನ ಬೀದಿಗೆ ಬಂದರು. ಪರಮಶಿವಯ್ಯ ವರದಿ ಜಾರಿ ಮಾಡಿ, ಶಾಶ್ವತ ನೀರಾವರಿ ಕೊಡಿ ಎಂದು ತಿಂಗಳುಗಟ್ಟಲೆ ಧರಣಿ ಕುಳಿತರು. 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟ ರೈತರಿಗೆ ಸಿಕ್ಕಿದ್ದು ಲಾಠಿ. ಆ ದಿನ ಟ್ರಾಫಿಕ್ ಜಾಮ್ ಎಂದು ಬೈದುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಎತ್ತಿನಹೊಳೆಯ 24 ಟಿಎಂಸಿ ಕಥೆ ನಿಮಗೆ ಗೊತ್ತು. 2012ರಲ್ಲಿ ಎಂಟು ಸಾವಿರ ಕೋಟಿಯ ಚಿಲ್ಲರೆ ಇದ್ದ ಯೋಜನೆ ಇಪ್ಪತ್ತಮೂರು ಸಾವಿರ ಕೋಟಿ ದಾಟಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಮೊದಲ ಹಂತದ ಪಂಪು ತಿರುಗಿಸಿದರು. ಪಶ್ಚಿಮಘಟ್ಟದ ಎದೆ ಬಗೆದು ತರುವ ಆ ನೀರು ಬೇಸಿಗೆಯಲ್ಲಿ ಎಷ್ಟು ಉಳಿದೀತು ಎಂಬ ಅನುಮಾನ ನನಗಂತೂ ಇದೆ. ಇರಲಿ.

ಹೊಸ ಕೆರೆ ಕಟ್ಟೋಣವೆಂದರೆ 1892ರ ಒಪ್ಪಂದ. ಅದು ಕಾವೇರಿಗೆ ಮಾತ್ರ ಎಂದುಕೊಂಡಿದ್ದೀರಿ, ಅಲ್ಲವೇ? ಆ ಪಟ್ಟಿಯಲ್ಲಿ ನಮ್ಮ ಪಾಲಾರ್, ಪಿನಾಕಿನಿಯೂ ಇವೆ. ಮೈಸೂರಿನವರು ಹೊಸದಾಗಿ ನೀರಾವರಿ ಕಾಮಗಾರಿ ಮಾಡಬೇಕಾದರೆ ಮದ್ರಾಸನ್ನು ಕೇಳಬೇಕು. ಯರಗೋಳಿನಲ್ಲಿ ಮಾರ್ಕಂಡೇಯ ನದಿಗೆ ಕುಡಿಯುವ ನೀರಿಗಾಗಿ ಒಂದು ಅಣೆ ಕಟ್ಟುವುದಕ್ಕೂ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರ್‌ನಲ್ಲಿ ಕೋರ್ಟು ಆ ಅರ್ಜಿಯನ್ನು ಒಪ್ಪಲಿಲ್ಲ, 2023ರ ನವೆಂಬರ್‌ನಲ್ಲಿ ಯೋಜನೆ ಉದ್ಘಾಟನೆಯಾಯಿತು. ಕೋಲಾರ, ಬಂಗಾರಪೇಟೆ, ಮಾಲೂರಿಗೆ ಆ ನೀರು ಗುರುತಾಗಿದೆ. ಸಂತೋಷ. ಆದರೆ 1892ರ ಒಪ್ಪಂದ ಹೊಸದಕ್ಕೆ ತಡೆ ಒಡ್ಡಿತೇ ಹೊರತು, ಇದ್ದ ಕೆರೆಗಳಿಗೆ ಹೂಳು ತುಂಬಲಿ, ಕಾಲುವೆಯ ಮೇಲೆ ಸೈಟು ಮಾಡಿ ಎಂದು ಯಾವ ಬ್ರಿಟಿಷನೂ ನಮಗೆ ಬರೆದುಕೊಟ್ಟಿರಲಿಲ್ಲ.

ಈಗ ನಿಮ್ಮ ಬಚ್ಚಲ ನೀರಿಗೆ ಮತ್ತೆ ಬರುತ್ತೇನೆ. ಲಕ್ಷ್ಮೀಸಾಗರಕ್ಕೆ ನೀರು ಬಂದಾಗ ಜನ ಪೂಜೆ ಮಾಡಿದರು. ಒಂದು ತಿಂಗಳಾಗಲಿಲ್ಲ, ಬೆಳ್ಳಂದೂರಿನ ನೊರೆ ಇಲ್ಲಿಯೂ ಎದ್ದಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯರೆಡ್ಡಿಯವರು ಹೈಕೋರ್ಟಿಗೆ ಹೋದರು. 2018ರ ಜುಲೈಯಲ್ಲಿ ತಡೆ ಬಂತು, ಆಮೇಲೆ ಸಡಿಲವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತು, ಅದೇ ವರ್ಷ ತೆರವಾಯಿತು. ನೀರು ಮತ್ತೆ ಹರಿಯಿತು. ಕೆರೆ ತುಂಬಿದ ಕಡೆ ಸುತ್ತಲಿನ ಬತ್ತಿದ ಬೋರುಗಳಲ್ಲಿ ನೀರು ಮೇಲೆ ಬಂದದ್ದು ಸತ್ಯ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೂ ಅಂತರ್ಜಲ ಏರಿದ್ದನ್ನು ಹೇಳಿದೆ. ನಾನು ಈ ನೀರಿನ ವಿರೋಧಿ ಅಲ್ಲ. ಬಾಯಾರಿದವನು ವಿರೋಧಿ ಆಗಲಾರ. ನನ್ನ ತಕರಾರು ಬೇರೆ.

ಕೊಳಚೆ ನೀರು ಶುದ್ಧ ಮಾಡುವುದಕ್ಕೆ ಮೂರು ಹಂತ. ಮೊದಲನೆಯದರಲ್ಲಿ ಕಸ ಸೋಸಿ, ಕೆಸರು ಕೆಳಗೆ ಕೂರಿಸುತ್ತಾರೆ. ಎರಡನೆಯದರಲ್ಲಿ ಗಾಳಿ ಊದಿ, ಸೂಕ್ಷ್ಮಜೀವಿಗಳಿಂದ ಹೊಲಸನ್ನು ತಿನ್ನಿಸುತ್ತಾರೆ. ಮೂರನೆಯದರಲ್ಲಿ ಉಳಿದ ಸಾರಜನಕ, ರಂಜಕ, ಸಣ್ಣ ಕಣ, ರೋಗಾಣು ತೆಗೆಯುತ್ತಾರೆ. ನಮಗೆ ಕೊಡುತ್ತಿರುವುದು ಎರಡು ಹಂತದ್ದು. ಈ ನೀರು ಕೆರೆಯಲ್ಲಿ ಇಂಗಿ ಕೆಳಗಿಳಿಯಲಿ, ನೇರವಾಗಿ ಹೊಲಕ್ಕೆ ಪಂಪು ಇಡಬಾರದು, ಕುಡಿಯಬಾರದು ಎಂಬುದು ಯೋಜನೆಯದೇ ನಿಯಮ. ಹಾಗಾದರೆ ಇಂಗಿದ ಅದೇ ನೀರು ನಾಳೆ ಕುಡಿಯುವ ಬೋರಿಗೆ ಬರುವುದಿಲ್ಲವೇ? ಮಣ್ಣು ಸೋಸುತ್ತದೆ, ನಿಜ. ಎಲ್ಲವನ್ನೂ ಸೋಸುವುದಿಲ್ಲ. ನಿಮ್ಮಲ್ಲಿ ಯಾರದೋ ಗ್ಯಾರೇಜಿನ ಎಣ್ಣೆ, ಯಾವುದೋ ಸಣ್ಣ ಕಾರ್ಖಾನೆಯವನು ರಾತ್ರಿ ಕದ್ದು ಚರಂಡಿಗೆ ಬಿಟ್ಟ ಆಸಿಡ್ ನೀರು, ಬಕೆಟ್ಟಿಗೆ ಎರಡು ಮುಷ್ಟಿ ಜಾಸ್ತಿ ಸುರಿದ ಸೋಪಿನ ಪುಡಿ, ಇವೆಲ್ಲದಕ್ಕೂ ನಮ್ಮ ಕೆರೆಯೇ ಕೊನೆಯ ನಿಲ್ದಾಣ. ಕರಾವಳಿಗೆ ಸಮುದ್ರ ಇದೆ. ನಮಗೆ ಊರ ಹೆಸರಿನಲ್ಲಿ ಮಾತ್ರ ಸಾಗರ ಇದೆ.

ನಿಮ್ಮ ನೀರು ಪೂರ್ತಿ ನಮಗೇ ಬರುತ್ತದೆ ಎಂದೂ ತಿಳಿಯಬೇಡಿ. ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಇಳಿದದ್ದು ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಏಳುತ್ತದೆ. ಮೂಗು ಮುಚ್ಚಿಕೊಂಡು ಗದ್ದೆಗೆ ಹೋಗುವ ರೈತರು ಅಲ್ಲಿ ತಮಿಳರಿದ್ದಾರೆ, ತೆಲುಗರಿದ್ದಾರೆ, ಕನ್ನಡಿಗರೂ ಇದ್ದಾರೆ. ಕಾವೇರಿಯಲ್ಲಿ ನಾವು ಮೇಲಿನವರು, ನಮ್ಮ ಹಕ್ಕು ಕೇಳುತ್ತೇವೆ. ಕೇಳೋಣ. ಮೇಲಿರುವವನಿಗೆ ಕೆಳಗಿನವನ ಬಟ್ಟಲಿನ ಲೆಕ್ಕವೂ ಇರಬೇಕು. ಹೊಸೂರಿನವನು ಬೆಂಗಳೂರಿಗೆ ಬೈಯುವುದೂ, ಕೋಲಾರದವನು ಬೆಂಗಳೂರಿಗೆ ಬೈಯುವುದೂ ಒಂದೇ ಮಾತು. ನಮ್ಮ ಕೆರೆ ಕೋಡಿ ಬಿದ್ದರೆ ಅದು ಪಾಲಾರಿಗೆ ಸೇರಿ ಆಂಧ್ರ ದಾಟಿ ತಮಿಳುನಾಡಿಗೆ ಹೋಗುತ್ತದೆ. 2021ರ ನವೆಂಬರ್ ಮಳೆಗೆ ಹೋಯಿತಲ್ಲ, ವರ್ಷಗಟ್ಟಲೆ ಕೋಡಿ ಕಾಣದ ಕೆರೆಗಳೆಲ್ಲ ತುಂಬಿ ಹರಿದು! ಆ ದಿನ ನಾವು ಏನು ಕಳಿಸಿದೆವು ಎಂದು ನಾನೂ ಯೋಚನೆ ಮಾಡಿದ್ದೇನೆ.

ಹಾಗಾಗಿ ನನ್ನ ಬೇಡಿಕೆ ಸರ್ಕಾರಕ್ಕೆ ಒಂದು, ನಿಮಗೆ ಒಂದು. ಮೂರನೆಯ ಹಂತದ ಶುದ್ಧೀಕರಣ ಕೊಡಲಿ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಕಾವೇರಿಯನ್ನು ಹತ್ತಿಸುವುದಕ್ಕೆ ದುಡ್ಡಿದೆ, 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತ ಎಂದು ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವುದಕ್ಕೆ ದುಡ್ಡಿದೆ, ವಾಪಸು ಬಿಡುವಾಗ ಮಾತ್ರ ಕೈ ಬಿಗಿ ಯಾಕೆ? ಬೆಂಗಳೂರಿನಲ್ಲಿ ಮಳೆನೀರು ಹಿಡಿಯಬೇಕೆಂದು 2009ರಲ್ಲೇ ಕಾನೂನಾಗಿದೆ. ಮೂವತ್ತು-ನಲವತ್ತು ಸೈಟಿನ ಮಾಳಿಗೆಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ 78 ಸಾವಿರ ಲೀಟರ್, ಹದಿನೈದು ಟ್ಯಾಂಕರಿಗೂ ಹೆಚ್ಚು. 2024ರ ಮಾರ್ಚ್‌ನಲ್ಲಿ ಬೋರು ಬತ್ತಿ ಟ್ಯಾಂಕರಿನವನ ಫೋನಿಗೆ ಕಾದವರು ಕೈಯೆತ್ತಿ. ಈಗ ನಿಮ್ಮ ಮಾಳಿಗೆಯ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರುವವರು ಕೈಯೆತ್ತಿ. ನೋಡಿದಿರಾ!

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹುಡುಗರಿಗೆ ಬೇರೆ ಕೆಲಸ ಇದೆ. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೀರಿ, ನರಸಾಪುರ, ವೇಮಗಲ್ ಫ್ಯಾಕ್ಟರಿಗೆ ಹೋಗುತ್ತೀರಿ, ಭಾನುವಾರ ಊರಲ್ಲೇ ಇರುತ್ತೀರಿ. ಮಾಹಿತಿ ಹಕ್ಕು ಕಾಯಿದೆ 2005ರಿಂದ ಇದೆ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ತಹಶೀಲ್ದಾರರನ್ನು ಕೇಳಬೇಕಾದದ್ದು ಇಷ್ಟೇ: ನಮ್ಮ ಊರ ಕೆರೆ ದಾಖಲೆಯಲ್ಲಿ ಎಷ್ಟು ಎಕರೆ ಎಷ್ಟು ಗುಂಟೆ, ಇವತ್ತು ಅಳೆದರೆ ಎಷ್ಟು ಉಳಿದಿದೆ, ರಾಜಕಾಲುವೆ ಎಲ್ಲಿಂದ ಎಲ್ಲಿಗೆ. ಕೆ.ಸಿ. ವ್ಯಾಲಿ ನೀರು ಬರುವ ಊರಿನವರು ಇನ್ನೊಂದು ಅರ್ಜಿ ಹಾಕಿ: ಕೆರೆಯ ನೀರನ್ನು ಯಾವ ತಿಂಗಳು ಪರೀಕ್ಷೆ ಮಾಡಿದಿರಿ, ಲೋಹ ಎಷ್ಟು, ಸಾರಜನಕ ಎಷ್ಟು. ಉತ್ತರವನ್ನು ಕನ್ನಡದಲ್ಲೇ ಕೊಡಿ ಎಂದು ಬರೆಯುವುದನ್ನು ಮರೆಯಬೇಡಿ. ನೀರು ಕುಡಿಯುವವನಿಗೆ ಓದಲು ಬರದ ವರದಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎರಡೂ ಅರ್ಜಿಯ ನಮೂನೆಯನ್ನು ನಮ್ಮ ಪ್ರೆಸ್ಸಿನಲ್ಲೇ ಅಚ್ಚು ಹಾಕಿ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ದುಡ್ಡು ಬೇಡ. ಕೆರೆಯ ಹೆಸರು, ಸರ್ವೆ ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ. ಸರ್ವೆ ನಂಬರ್ ಗೊತ್ತಿಲ್ಲದವರು ಊರಿನ ಗ್ರಾಮ ನಕಾಶೆ ನೋಡಿ, ಕೆರೆಯ ಹೆಸರು ಗೊತ್ತಿಲ್ಲದವರು ಮನೆಯಲ್ಲಿ ಅಜ್ಜಿಯನ್ನು ಕೇಳಿ.